ಊರಿಗೆ ಊರೇ ದೋಣಿ ಹತ್ತುತ್ತಿತ್ತು

ಪ್ರಶ್ನೆ: ಪೆಸಿಫಿಕ್ ಸಾಗರದ ಎರಡು ಪುಟ್ಟ ದ್ವೀಪಗಳ ನಡುವೆ ಜನ ಊರು ಖಾಲಿ ಮಾಡಿಕೊಂಡು ಓಡಾಡುತ್ತಿದ್ದರಂತೆ. ನಿಜವೇ ಮೇಷ್ಟ್ರೇ? ಯಾಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಜ. ಅವು ಕುಕ್ ದ್ವೀಪಗಳಿಗೆ ಸೇರಿದ ಮನಿಹಿಕಿ ಮತ್ತು ರಕಹಾಂಗ. ರಾಜಧಾನಿಯಿರುವ ರಾರೊಟೊಂಗ ದ್ವೀಪದಿಂದ ಉತ್ತರಕ್ಕೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ದೂರ.

ಎರಡೂ ಹವಳದ ದ್ವೀಪಗಳು. ಪಾಠ ಮಾಡುವಾಗ ನಾನು ನೀರು ತುಂಬಿದ ತಟ್ಟೆಯಲ್ಲಿ ಒಂದು ಬಳೆ ಇಟ್ಟು ತೋರಿಸುತ್ತಿದ್ದೆ. ಆ ಬಳೆಯೇ ನೆಲ, ಒಳಗಿನ ನೀರು ಲಗೂನು. ಹೊಳೆಯಿಲ್ಲ, ಗುಡ್ಡವಿಲ್ಲ. ಮಳೆ ನೀರು ಹವಳದ ಪುಡಿಯಲ್ಲಿ ಇಂಗಿ, ಕೆಳಗಿನ ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಜನ ಆ ಸಿಹಿ ನೀರು ಸಿಗುವ ತನಕ ಗುಂಡಿ ತೋಡಿ, ಸೊಪ್ಪು ಕೊಳೆಸಿ ಹಾಕಿ, 'ಪುರಕ' ಬೆಳೆಯುತ್ತಾರೆ. ನಮ್ಮ ಕೆಸುವಿನ ನೆಂಟ, ಆದರೆ ತುಂಬಾ ದೊಡ್ಡದು. ಇದು, ತೆಂಗಿನಕಾಯಿ, ಮೀನು. ಊಟ ಅಂದರೆ ಇಷ್ಟೇ.

ಒಂದೇ ಕಡೆ ಕೂತು ತಿಂದರೆ ಇದು ಎಷ್ಟು ದಿನ ಬಂದೀತು? ಅದಕ್ಕೇ ಎಲ್ಲರೂ ಒಟ್ಟಿಗೆ ಒಂದು ದ್ವೀಪದಲ್ಲಿ ಇರುತ್ತಿದ್ದರು. ಕಾಯಿ, ಗೆಡ್ಡೆ ಕಡಿಮೆಯಾದಾಗ ಮಕ್ಕಳು ಮುದುಕರ ಸಮೇತ ಜೋಡಿ ದೋಣಿ ಹತ್ತಿ ಇನ್ನೊಂದಕ್ಕೆ. ನಾವು ಹೊಲವನ್ನು ಬೀಳು ಬಿಡುತ್ತೇವಲ್ಲ, ಅವರು ಇಡೀ ದ್ವೀಪವನ್ನೇ ಬೀಳು ಬಿಡುತ್ತಿದ್ದರು. ಇಷ್ಟು ಅಚ್ಚುಕಟ್ಟಾದ ಬೇಸಾಯದ ಲೆಕ್ಕ ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ನಡುವೆ ಸುಮಾರು 42 ಕಿಲೋಮೀಟರ್ ಸಮುದ್ರ. ಎರಡೂ ದ್ವೀಪ ನೀರಿನಿಂದ ನಾಲ್ಕೈದು ಮೀಟರ್ ಎತ್ತರ, ಅಷ್ಟೆ. ಅರ್ಧ ದಾರಿಗೆ ಬಂದರೆ ಹಿಂದಿನ ತೆಂಗಿನ ತಲೆಗಳು ಮುಳುಗಿರುತ್ತವೆ, ಮುಂದಿನವು ಇನ್ನೂ ಎದ್ದಿರುವುದಿಲ್ಲ. ಆ ಹೊತ್ತಲ್ಲಿ ಗಾಳಿ ತಿರುಗಿದರೆ ದೋಣಿ ಎತ್ತಲೋ ತೇಲಿ ಹೋಗುತ್ತಿತ್ತು. ಹಾಗೆ ಹೋದವರು ಬಹಳ ಮಂದಿ. 1852ರಲ್ಲಿ ಪಾದ್ರಿಗಳು ಇನ್ನು ಈ ಓಡಾಟ ಸಾಕು ಎಂದು ಒಪ್ಪಿಸಿದ ಮೇಲೆ ಜನ ಎರಡು ಪಾಲಾಗಿ ಅಲ್ಲಲ್ಲೇ ನೆಲೆ ನಿಂತರು. ಜೀವ ಉಳಿಯಿತು, ಸರಿ. ಆದರೂ ಅಲ್ಲಿಯವರೆಗೆ ಒಂದೇ ಊರಾಗಿದ್ದವರು ಅಲ್ವಾ, ಓದುವಾಗ ನನಗೆ ಸಂಕಟವಾಗುತ್ತದೆ.

ಈಗ ಮನಿಹಿಕಿಯ ಲಗೂನಿನಲ್ಲಿ ಕಪ್ಪು ಮುತ್ತು ಬೆಳೆಯುತ್ತಾರೆ. 1997ರ ನವೆಂಬರಿನಲ್ಲಿ ಮಾರ್ಟಿನ್ ಚಂಡಮಾರುತ ಅಲ್ಲಿನ ಮನೆಗಳನ್ನು ಬಳಿದುಕೊಂಡು ಹೋಯಿತು. ರಕಹಾಂಗದವರು ತೆಂಗಿನ ಎಳೆ ಗರಿ ಹದ ಮಾಡಿ ಬೆಳ್ಳಗಿನ ಟೋಪಿ ಹೆಣೆಯುತ್ತಾರೆ. ಅಲ್ಲಿಗೆ ವಿಮಾನವಿಲ್ಲ. ಹೋಗುವವರು ಮನಿಹಿಕಿಯಲ್ಲಿ ಇಳಿದು, ಈಗಲೂ ಅದೇ 42 ಕಿಲೋಮೀಟರನ್ನು ದೋಣಿಯಲ್ಲೇ ದಾಟಬೇಕು.