ಮೇಯ್ ಚಾಂಗ್‌ಸುವಿನ ಸೇಡು, ಜಿಂಗ್‌ರುಯಿಯ ಹುಟ್ಟುಹಬ್ಬ

'ನಿರ್ವಾಣ ಇನ್ ಫೈರ್' ಎಂಬ ಹೆಸರಿನಲ್ಲಿ ಹೊರದೇಶಗಳಲ್ಲಿ ಪ್ರಸಿದ್ಧವಾದ ಚೀನೀ ಧಾರಾವಾಹಿ 'ಲಾಂಗ್ಯಾ ಬಾಂಗ್'ನ ನಾಯಕ ಮೇಯ್ ಚಾಂಗ್‌ಸು, ತನ್ನ ಸೇಡಿಗಾಗಿ ಏನೂ ಅರಿಯದ ಗೆಳೆಯನನ್ನು ಬಳಸಿಕೊಂಡ ಮೇಲೂ ಅವನನ್ನು ಧರ್ಮಿಷ್ಠನೆಂದು ಕರೆಯಬಹುದೇ ಎಂದು ನೀವು ಕೇಳಿದ್ದೀರಿ. 2015ರಲ್ಲಿ ಪ್ರಸಾರವಾದ ಇದರ 54 ಕಂತುಗಳನ್ನೂ ನಾನು ಎರಡು ಬಾರಿ ನೋಡಿದ್ದೇನೆ. ಮೊದಲ ಸಲ ಹೌದೆಂದೇ ಅನ್ನಿಸಿತ್ತು. ಎರಡನೆಯ ಸಲ ಹಾಗೆನ್ನಲು ನಾಲಿಗೆ ಏಳಲಿಲ್ಲ. ಉತ್ತರದಲ್ಲಿ ಕತೆಯ ಕೊನೆಯೂ ಬರುತ್ತದೆಯಾದ್ದರಿಂದ ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಮೊದಲಿಗೆ ಅವನು ಕೇಳುತ್ತಿರುವ ಸೇಡು ಯಾವ ಬಗೆಯದೆಂಬುದನ್ನು ನೋಡಬೇಕು. ಲಿಯಾಂಗ್ ರಾಜ್ಯದ 70,000 ಯೋಧರ ಚಿಯಾನ್ ಸೇನೆಯ ಮೇಲೆ ರಾಜದ್ರೋಹದ ಸುಳ್ಳು ಆರೋಪ ಹೊರಿಸಿ, ಮೇಯ್‌ಲಿಂಗ್ ಎಂಬಲ್ಲಿ ಅದನ್ನು ನಾಶಮಾಡಲಾಗುತ್ತದೆ. ಜನಪ್ರಿಯನಾಗಿದ್ದ ಹಿರಿಯ ರಾಜಕುಮಾರನಿಗೆ ಅವನ ತಂದೆಯಾದ ಚಕ್ರವರ್ತಿಯೇ ವಿಷ ಕೊಡಿಸುತ್ತಾನೆ. ಚಿಯಾನ್ ಸೇನೆಯ ಸೇನಾಪತಿಯ ಮಗ ಲಿನ್ ಶು ಹೇಗೋ ಬದುಕುಳಿದು, ವಿಷದಿಂದ ಜರ್ಜರಿತನಾಗಿ, ಗುರುತೇ ಸಿಗದ ಮುಖವನ್ನೂ ಹೊಸ ಹೆಸರನ್ನೂ ಹೊತ್ತು 12 ವರ್ಷಗಳ ನಂತರ ರಾಜಧಾನಿ ಜಿನ್‌ಲಿಂಗ್‌ಗೆ ಬರುತ್ತಾನೆ. ಅವನೇ ಮೇಯ್ ಚಾಂಗ್‌ಸು. ಕತೆ ಕಾಲ್ಪನಿಕವೇ ಆದರೂ ರಾಜ್ಯದ ಹೆಸರು, ರಾಜವಂಶದ ಶಿಯಾವ್ ಎಂಬ ಮನೆತನದ ಹೆಸರು ಎರಡೂ ಕ್ರಿ.ಶ. 502ರಿಂದ 557ರವರೆಗೆ ಈಗಿನ ನಾನ್‌ಜಿಂಗ್‌ನಿಂದ ಆಳಿದ ಲಿಯಾಂಗ್ ವಂಶವನ್ನು ನೆನಪಿಗೆ ತರುತ್ತವೆ.

ತಂದೆಯನ್ನು ಕೊಂದವನೊಂದಿಗೆ ಒಂದೇ ಆಕಾಶದ ಕೆಳಗೆ ಬಾಳಬಾರದೆಂದು ಪ್ರಾಚೀನ ಚೀನಾದ ಆಚಾರಗ್ರಂಥವೇ ವಿಧಿಸುತ್ತದೆ. ಅದರಂತೆ ನಡೆದವರ ಕತೆಗಳಿಗೂ ಅಲ್ಲಿ ಬರವಿಲ್ಲ. ತಂದೆಯನ್ನೂ ಅಣ್ಣನನ್ನೂ ಕೊಲ್ಲಿಸಿದ ಚು ದೇಶದ ರಾಜನ ಮೇಲೆ ಹಗೆ ಸಾಧಿಸಲು ಶತ್ರುದೇಶದ ಸೈನ್ಯದೊಡನೆ ಕ್ರಿ.ಪೂ. 506ರಲ್ಲಿ ಹಿಂದಿರುಗಿದ ವು ಜಿಶು, ಆ ರಾಜ ಅಷ್ಟರಲ್ಲೇ ಸತ್ತಿದ್ದರಿಂದ ಗೋರಿ ಅಗೆಸಿ, ಹೆಣಕ್ಕೆ 300 ಛಡಿಯೇಟು ಹೊಡೆಸಿದನೆಂದು ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಮೇಯ್ ಚಾಂಗ್‌ಸು ಈ ದಾರಿ ಹಿಡಿಯುವುದಿಲ್ಲ. ಚಕ್ರವರ್ತಿಯ ತಲೆ ಅವನಿಗೆ ಬೇಡ. ತುಂಬಿದ ಸಭೆಯಲ್ಲಿ, ಅದೇ ಚಕ್ರವರ್ತಿಯ ಬಾಯಿಂದಲೇ ಮರುವಿಚಾರಣೆಯ ಆಜ್ಞೆ ಹೊರಡಬೇಕು, ಸತ್ತವರ ಹೆಸರಿಗೆ ಅಂಟಿದ ದ್ರೋಹದ ಕಳಂಕ ತೊಲಗಬೇಕು, ಅಷ್ಟೇ. ಹಗೆಗೆ ಉಪಕಾರವನ್ನೇ ಮರಳಿಸಿದರೆ ಹೇಗೆ ಎಂದು ಕೇಳಿದವನಿಗೆ, ಹಾಗಾದರೆ ಉಪಕಾರಕ್ಕೆ ಏನನ್ನು ಮರಳಿಸುತ್ತೀಯೆ, ಹಗೆಗೆ ನೇರನಡೆಯನ್ನು ಮರಳಿಸು ಎಂದು ಕನ್‌ಫ್ಯೂಷಿಯಸ್ ಉತ್ತರಿಸಿದ್ದು ಪ್ರಸಿದ್ಧವಾಗಿದೆ. ಮೇಯ್ ಚಾಂಗ್‌ಸುವಿನ ಗುರಿ ಈ ನೇರನಡೆಗೆ ಹತ್ತಿರದ್ದು, ಆದರೆ ಅಲ್ಲಿಗೆ ಹೋಗುವ ದಾರಿಯೆಲ್ಲವೂ ಡೊಂಕು. ನಿಮ್ಮ ಪ್ರಶ್ನೆ ಹುಟ್ಟುವುದು ಈ ಡೊಂಕಿನಲ್ಲಿಯೇ.

ಶಿಯಾವ್ ಜಿಂಗ್‌ರುಯಿಯ ಹುಟ್ಟುಹಬ್ಬದ ಪ್ರಸಂಗವನ್ನು ತುಸು ನಿಧಾನವಾಗಿ ನೋಡೋಣ. ಚಿಯಾನ್ ಸೇನೆಯನ್ನು ಬಲಿಕೊಟ್ಟು ಪದವಿಗೇರಿದ ಶಿಯೆ ಯು ಅವನ ತಂದೆ. ಒಂದೇ ರಾತ್ರಿ ಒಂದೇ ಕಡೆ ಇಬ್ಬರು ಹೆಂಗಸರು ಹೆತ್ತು, ಒಂದು ಕೂಸು ಸತ್ತು, ಉಳಿದದ್ದು ಯಾರದೆಂದು ತಿಳಿಯದೆ ಹೋದದ್ದರಿಂದ ಜಿಂಗ್‌ರುಯಿ ಶಿಯೆ ಮತ್ತು ಝುವೋ ಎಂಬ ಎರಡೂ ಮನೆಗಳ ಮಗನಾಗಿ, ಎರಡೂ ಕಡೆ ಪ್ರೀತಿ ಉಂಡು ಬೆಳೆದವನು. ಮೇಯ್ ಚಾಂಗ್‌ಸುವನ್ನು ಅತಿಥಿಯಾಗಿ ಜಿನ್‌ಲಿಂಗ್‌ಗೆ ಕರೆತಂದು ತನ್ನ ಮನೆಯಲ್ಲೇ ಇಳಿಸಿಕೊಂಡವನೂ ಅವನೇ. ಅಂಥವನ ಹುಟ್ಟುಹಬ್ಬದ ಔತಣದಲ್ಲಿ, ಮೇಯ್ ಚಾಂಗ್‌ಸು ಮೊದಲೇ ಹೂಡಿದ್ದ ಆಟದಂತೆ, ಒಂದೊಂದೇ ಗುಟ್ಟು ಬಯಲಾಗುತ್ತದೆ. ಜಿಂಗ್‌ರುಯಿ ಕತೆಯಲ್ಲಿ ಬರುವ ನೆರೆರಾಜ್ಯ ದಕ್ಷಿಣ ಚುವಿನ ರಾಜಕುಮಾರನೊಬ್ಬನ ಮಗ. ಆ ಕೂಸನ್ನು ಕೊಲ್ಲಲು ಶಿಯೆ ಯು ಆಳು ಕಳುಹಿಸಿದ್ದ. ಕೊಲೆಗಾರನ ಕೈಗೆ ಸಿಕ್ಕು ಸತ್ತದ್ದು ಮಾತ್ರ ಝುವೋ ಮನೆಯ ಮಗು. ಬಾಯಿ ಮುಚ್ಚಿಸಲು ಶಿಯೆ ಯು ಅತಿಥಿಗಳನ್ನೆಲ್ಲ ಕಡಿದುಹಾಕಲು ಮುಂದಾಗುತ್ತಾನೆ, ಮತ್ತು ಆ ರಾತ್ರಿಗೆ ಅವನ ಪತನ ಖಚಿತವಾಗುತ್ತದೆ. ಊಟಕ್ಕೆ ಕೂತಾಗ ಇಬ್ಬರು ತಂದೆಯರಿದ್ದ ಹುಡುಗನಿಗೆ ಬೆಳಗಾಗುವಷ್ಟರಲ್ಲಿ ಒಬ್ಬರೂ ಉಳಿದಿರುವುದಿಲ್ಲ.

ಶಿಯೆ ಯು ಶಿಕ್ಷಾರ್ಹನೆಂಬುದರಲ್ಲಿ ಎರಡು ಮಾತಿಲ್ಲ, ಬಯಲಾದದ್ದೆಲ್ಲವೂ ಸತ್ಯವೇ. ಆದರೂ ಆ ದಿನವನ್ನೂ ಆ ಪಂಕ್ತಿಯನ್ನೂ ಆರಿಸಿಕೊಂಡದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಬೇರೆ ದಾರಿಯಿರಲಿಲ್ಲ ಎಂದು ಅಭಿಮಾನಿಗಳು ಬಹಳ ಬೇಗ ವಾದಿಸಿಬಿಡುತ್ತಾರೆ. ನನಗೆ ನೆನಪಿರುವ ಮಟ್ಟಿಗೆ ಸ್ವತಃ ಮೇಯ್ ಚಾಂಗ್‌ಸು ಅಂಥ ವಾದ ಹೂಡುವುದಿಲ್ಲ. ಊರು ಬಿಡುವ ಮುನ್ನ ಜಿಂಗ್‌ರುಯಿ ಅವನೊಡನೆ ಮಾತಾಡುವ ದೃಶ್ಯ ಬಹುಶಃ ಇಡೀ ಧಾರಾವಾಹಿಯ ತಿರುಳು. ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದೇನೋ ಇತ್ತು, ಅದನ್ನು ಹಿಡಿಯಲು ನನ್ನನ್ನು ಬಿಟ್ಟಿರಿ, ನೀವು ಆರಿಸಿದ್ದು ನನ್ನನ್ನಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮನ್ನು ದ್ವೇಷಿಸಲಾರೆ ಎಂಬ ಅರ್ಥದ ಮಾತುಗಳನ್ನು ಅವನು ಆಡುತ್ತಾನೆ. ಇದನ್ನು ಕ್ಷಮೆ ಎಂದು ಓದುವವರಿದ್ದಾರೆ, ನನಗೆ ಹಾಗೆ ಕೇಳಿಸಲಿಲ್ಲ. ಲೆಕ್ಕ ಚುಕ್ತಾ ಮಾಡದೆಯೇ ಪುಸ್ತಕ ಮುಚ್ಚಿಟ್ಟವನ ಮಾತು ಅದು.

ಇದಕ್ಕೆ ಎದುರಾಗಿ ನಿಲ್ಲುವವನು ಮೇಯ್ ಚಾಂಗ್‌ಸು ಸಿಂಹಾಸನಕ್ಕೇರಿಸಲು ಹೊರಟಿರುವ ರಾಜಕುಮಾರ ಜಿಂಗ್‌ಯಾನ್. ಗಡಿಯಲ್ಲಿ ರಕ್ತ ಸುರಿಸಿದವರನ್ನು ನಿನ್ನ ಪಗಡೆಯ ಕಾಯಿ ಮಾಡಿಕೊಳ್ಳಬೇಡ ಎಂದು ಅವನು ಮೊದಲೇ ಎಚ್ಚರಿಸಿರುತ್ತಾನೆ. ಎದುರಿಗಿರುವ ಕುಟಿಲ ಸಲಹೆಗಾರನೇ ತಾನು ಕಳೆದುಕೊಂಡ ಬಾಲ್ಯದ ಗೆಳೆಯನೆಂಬುದು ಅವನಿಗೆ ಗೊತ್ತಿರುವುದಿಲ್ಲ. ತಂತ್ರಗಾರಿಕೆಯ ಮಸಿ ಜಿಂಗ್‌ಯಾನ್‌ಗೆ ತಗುಲಬಾರದೆಂದು ಮೇಯ್ ಚಾಂಗ್‌ಸು ಅದನ್ನೆಲ್ಲ ತನ್ನ ಕೈಗೇ ಬಳಿದುಕೊಳ್ಳುತ್ತಾನೆ. ಯೋಚನೆಗೆ ಬಿದ್ದಾಗಲೆಲ್ಲ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಉಜ್ಜುವ ಅಭ್ಯಾಸ ಅವನಿಗೆ ಚಿಕ್ಕಂದಿನಿಂದಲೂ ಉಂಟು. ಮುಖ ಬದಲಾದರೂ ಆ ಬೆರಳುಗಳು ಲಿನ್ ಶುವಿನವಾಗಿಯೇ ಉಳಿದಿವೆ. ನಟ ಹು ಗೆ ಇದನ್ನು ಎಷ್ಟು ಸದ್ದಿಲ್ಲದೆ ಮಾಡುತ್ತಾರೆಂದರೆ ಮೊದಲ ವೀಕ್ಷಣೆಯಲ್ಲಿ ನನ್ನ ಗಮನಕ್ಕೇ ಬಂದಿರಲಿಲ್ಲ.

ಅವನಿಗೂ ಒಂದು ಮಿತಿಯಿದೆ ಎಂಬುದನ್ನು ಮರೆಯಬಾರದು. ಸಿಂಹಾಸನದ ಪೈಪೋಟಿಯಲ್ಲಿ ಎದುರಾಳಿಯ ಹೆಸರು ಕೆಡಿಸಲೆಂದು ಯು ಎಂಬ ಮತ್ತೊಬ್ಬ ರಾಜಕುಮಾರ ಪಟಾಕಿ ಕಾರ್ಖಾನೆಯೊಂದನ್ನು ಸ್ಫೋಟಿಸಿ ಅಮಾಯಕರನ್ನು ಬಲಿಹಾಕಿದಾಗ ಮೇಯ್ ಚಾಂಗ್‌ಸು ಕನಲಿ ಕೆಂಡವಾಗುತ್ತಾನೆ. ಈ ವ್ಯತ್ಯಾಸ ಸಣ್ಣದಲ್ಲ, ಆದರೆ ಜಿಂಗ್‌ರುಯಿಯ ಪಾಲಿನ ನಷ್ಟವನ್ನು ಅದು ತುಂಬಿಕೊಡುವುದೂ ಇಲ್ಲ. ಕೊನೆಗೆ ಚಕ್ರವರ್ತಿಯ ಜನ್ಮದಿನದ ಸಭೆಯಲ್ಲಿ ದೂರುದಾರಳಾಗಿ ನಿಲ್ಲುವವಳು ಜಿಂಗ್‌ರುಯಿಯ ತಾಯಿ, ರಾಜಕುಮಾರಿ ಲೀಯಾಂಗ್. ಗಂಡ ಶಿಯೆ ಯು ಬರೆದಿಟ್ಟ ತಪ್ಪೊಪ್ಪಿಗೆಯ ಬಲದಿಂದ ಅವಳು ದೂರು ಹೇಳುತ್ತಾಳೆ. ಮೇಯ್ ಚಾಂಗ್‌ಸು ಮುರಿದ ಮನೆಯೇ ಅವನಿಗೆ ಸಾಕ್ಷಿಯನ್ನೂ ಒದಗಿಸಬೇಕಾಯಿತು. ಮಂತ್ರಿಗಳು ಒಬ್ಬೊಬ್ಬರಾಗಿ ಮುಂದೆ ಬಂದು ಅವಳ ಮಾತಿಗೆ ದನಿಗೂಡಿಸುವುದನ್ನು ಎರಡನೆಯ ಸಲ ನೋಡುವಾಗ ನನ್ನ ಕಣ್ಣು ಚಕ್ರವರ್ತಿಯ ಕಡೆಗಾಗಲಿ ಮೇಯ್ ಚಾಂಗ್‌ಸುವಿನ ಕಡೆಗಾಗಲಿ ಹೋಗಲಿಲ್ಲ. ಸಭೆಯ ನಡುವೆ ನಿಂತಿದ್ದ ಆ ತಾಯಿಯ ಮೇಲೆಯೇ ನೆಟ್ಟಿತ್ತು.