ಬ್ಯಾಂಕಿನ ಅನುಭವ ಆಸ್ಪತ್ರೆಯ ಯಂತ್ರಕ್ಕೆ ಒದಗುವುದೇ?

ಪತ್ರ: ಬೆಂಗಳೂರಿನಲ್ಲಿ ಬ್ಯಾಂಕುಗಳಿಗೆ ತಂತ್ರಾಂಶ ಬರೆಯುತ್ತ ಹಲವು ವರ್ಷಗಳಾದವು. ಈಗ ವೈದ್ಯಕೀಯ ಉಪಕರಣಗಳ ಕಂಪನಿಯೊಂದು ಸಂದರ್ಶನಕ್ಕೆ ಕರೆದಿದೆ. ಅಲ್ಲಿ ಓನಾಮದಿಂದ ಶುರುಮಾಡಬೇಕಾಗುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ಕಲಿತದ್ದೆಲ್ಲ ವ್ಯರ್ಥವೇ?
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ:

ಖಂಡಿತ ವ್ಯರ್ಥವಲ್ಲ. ಸಂದರ್ಶನಕ್ಕೆ ಹೋಗುವ ಮುನ್ನ ಥೆರಾಕ್-25 ಯಂತ್ರದ ವಿಚಾರವನ್ನು ಓದಿಕೊಳ್ಳಿ. ಕೆನಡಾದಲ್ಲಿ ತಯಾರಾದ ಈ ವಿಕಿರಣ ಚಿಕಿತ್ಸಾ ಯಂತ್ರದಿಂದ 1985ರಿಂದ 1987ರ ನಡುವೆ ಕೆನಡಾ ಮತ್ತು ಅಮೆರಿಕದಲ್ಲಿ ಆರು ಮಂದಿಗೆ ವಿಪರೀತ ವಿಕಿರಣ ತಗಲಿತು. ಕೆಲವರು ಸತ್ತರು. ಟೆಕ್ಸಾಸ್‌ನ ಟೈಲರ್‌ನಲ್ಲಿ ನಡೆದ ಅವಘಡಗಳ ಬೆನ್ನು ಹತ್ತಿದಾಗ ಕಾರಣ ಸಿಕ್ಕಿತು. ಯಂತ್ರದ ಆಯಸ್ಕಾಂತಗಳು ಸಜ್ಜಾಗಲು ಸುಮಾರು ಎಂಟು ಸೆಕೆಂಡು ಬೇಕಿತ್ತು. ನಿರ್ವಾಹಕಿ ತಪ್ಪಾಗಿ ಒತ್ತಿದ ಅಕ್ಷರವನ್ನು ಅಷ್ಟರೊಳಗೆ ತಿದ್ದಿಬಿಟ್ಟರೆ ಪರದೆಯ ಮೇಲೆ ಹೊಸ ಆಯ್ಕೆ ಕಾಣುತ್ತಿತ್ತು, ಯಂತ್ರದ ಒಂದು ಭಾಗ ಮಾತ್ರ ಹಳೆಯದನ್ನೇ ಹಿಡಿದು ಕೂತಿರುತ್ತಿತ್ತು.

ಇದು ನಿಮಗೆ ಪರಿಚಿತವಾದ ದೋಷವಲ್ಲವೇ? ಒಂದೇ ಖಾತೆಯಿಂದ ಒಂದೇ ಕ್ಷಣದಲ್ಲಿ ಎರಡು ಕಡೆ ಹಣ ತೆಗೆಯಲು ಹೊರಟಾಗ ಎರಡನೆಯವರು ಹಳೆಯ ಶಿಲ್ಕನ್ನು ನೋಡದಂತೆ ಬೀಗ ಹಾಕುವುದು ನಿಮ್ಮ ದಿನನಿತ್ಯದ ಕೆಲಸ. ಆ ಬೀಗವೇ ಥೆರಾಕ್‌ನಲ್ಲಿ ಸರಿಯಾಗಿರಲಿಲ್ಲ. ಸಂದರ್ಶನದಲ್ಲಿ ಇದನ್ನು ವಿವರಿಸಿ ಹೇಳಬಲ್ಲವರನ್ನು ಹೊಸಬರೆಂದು ಕರೆಯಲು ಯಾರಿಗೂ ಸಾಧ್ಯವಿಲ್ಲ. ಹೊಸಬರ ಸಂಬಳಕ್ಕೆ ದಯವಿಟ್ಟು ಒಪ್ಪಬೇಡಿ.

ಆದರೆ ಒಂದು ರೂಢಿಯನ್ನು ನೀವು ಬಿಡಲೇಬೇಕು. ಬ್ಯಾಂಕಿನಲ್ಲಿ ತಪ್ಪು ಜಮೆಯನ್ನು ಮರುದಿನವಾದರೂ ತಿರುಗಿಸಬಹುದು; ದೇಹಕ್ಕೆ ಹೊಕ್ಕ ವಿಕಿರಣವನ್ನು ಹಿಂದಕ್ಕೆ ತರಲಾಗದು. ಗ್ರಾಹಕನನ್ನು ಕಾಯಿಸಬಾರದೆಂದು ನಾವು ಇಡುವ ‘ಮತ್ತೆ ಪ್ರಯತ್ನಿಸಿ’ ಗುಂಡಿ ಅಲ್ಲಿ ಪ್ರಾಣಕ್ಕೇ ಕುತ್ತಾಗಬಲ್ಲದು. ಥೆರಾಕ್ ‘ಮಾಲ್‌ಫಂಕ್ಷನ್ 54’ ಎಂದಷ್ಟೇ ತೋರಿಸುತ್ತಿತ್ತು. ಇಂಥ ಅರ್ಥವಾಗದ ಸಂದೇಶಗಳಿಗೆ ಒಗ್ಗಿಹೋಗಿದ್ದ ನಿರ್ವಾಹಕರು ‘ಪಿ’ ಕೀಲಿ ಒತ್ತಿ ಮುಂದುವರಿಯುತ್ತಿದ್ದರು.

ಇನ್ನೂ ದುಃಖದ ಸಂಗತಿಯೆಂದರೆ, ಅದೇ ದೋಷ ಹಿಂದಿನ ಮಾದರಿ ಥೆರಾಕ್-20ರಲ್ಲೂ ಇತ್ತು. ಅದರಲ್ಲಿ ತಂತ್ರಾಂಶಕ್ಕೆ ಸಂಬಂಧವೇ ಇಲ್ಲದ ಪ್ರತ್ಯೇಕ ರಕ್ಷಣಾ ಸರ್ಕ್ಯೂಟ್‌ಗಳಿದ್ದವು. ಫ್ಯೂಸ್ ಹಾರುತ್ತಿತ್ತು, ರೋಗಿ ಉಳಿಯುತ್ತಿದ್ದ. ಹೊಸ ಮಾದರಿಯಲ್ಲಿ ಆ ರಕ್ಷಣೆಯನ್ನು ತೆಗೆದು ಹಳೆಯ ಕೋಡನ್ನು ನಂಬಿದರು. ಎಂಜಿನಿಯರಿನ ಕೌಶಲ ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಸಲೀಸಾಗಿ ಸಾಗುತ್ತದೆ, ಅವರು ಬರೆದ ಕೋಡ್ ಹಾಗೆ ಸಾಗುವುದಿಲ್ಲ ಎಂದು ನಾನು ನಂಬುವುದು ಇದರಿಂದಲೇ.

ವೈದ್ಯಕೀಯ ಉಪಕರಣಗಳ ತಂತ್ರಾಂಶಕ್ಕಿರುವ ಐಇಸಿ 62304 ಎಂಬ ಅಂತರರಾಷ್ಟ್ರೀಯ ಮಾನದಂಡವನ್ನೂ ಓದಿ. ದೋಷದಿಂದ ಆಗಬಹುದಾದ ಹಾನಿಯನ್ನು ನೋಡಿ ಅದು ತಂತ್ರಾಂಶವನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಸಾವು ಅಥವಾ ಗಂಭೀರ ಗಾಯ ಸಾಧ್ಯವಿದ್ದರೆ ಸಿ. ಕಾಗದಪತ್ರ ಬಹಳ. ಲೆಕ್ಕಪರಿಶೋಧಕರಿಗೆ ಉತ್ತರ ಕೊಟ್ಟು ಅಭ್ಯಾಸವಿರುವ ನಿಮಗೆ ಅದು ಭಾರವೆನಿಸದು.

ಸಂದರ್ಶನದ ಕೊನೆಯಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ತಂತ್ರಾಂಶ ಪೂರ್ತಿ ಕೈಕೊಟ್ಟರೂ ನಿಮ್ಮ ಉಪಕರಣವನ್ನು ನಿಲ್ಲಿಸಲು ಬೇರೆ ಏರ್ಪಾಡು ಇದೆಯೇ? ಅವರು ತಡವರಿಸಿದರೆ ಬೇರೆ ಕಂಪನಿ ಹುಡುಕಿ.