ಮೂರು ಎಕರೆ ಎರಿ ಹೊಲ ಲೇಔಟ್‌ಗೆ ಕೊಡುವ ಮುಂಚೆ

ಅಣ್ಣಾರೆ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕುಂದಗೋಳ ರಸ್ತೆ ಕಡೆ 3 ಎಕರೆ 12 ಗುಂಟೆ ಎರಿ (ಕಪ್ಪು ಮಣ್ಣಿನ) ಹೊಲ, ಅದರಲ್ಲಿ 12 ಗುಂಟೆ ಖರಾಬು. ಹುಬ್ಬಳ್ಳಿಯ ಡೆವಲಪರ್ ಒಬ್ಬರು ಅರ್ಧ-ಅರ್ಧ ಲೇಔಟ್ ಮಾಡೋಣ ಅಂತ ಬಂದಿದ್ದಾರೆ, ದೀಪಾವಳಿಯೊಳಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರ) ಬರೆದುಕೊಡಿ ಅಂತಾರೆ, ಈ ಸಲ ಹಿಂಗಾರಿ ಬಿತ್ತಲೇಬೇಡಿ ಅಂತಲೂ ಹೇಳಿದ್ದಾರೆ. ಇಷ್ಟೇ ಅಲ್ವಾ? ಮೇಲೆ ಉತ್ತರ ಬರೆದ ಇಬ್ಬರು ಬಂದ ಲಕ್ಷ್ಮೀನ ಬಿಡಬೇಡಿ ಅಂದಿದ್ದಾರೆ, ಇನ್ನೊಬ್ಬರು ಹೊಲ ಅಂದ್ರೆ ತಾಯಿ ಅಂದಿದ್ದಾರೆ. ಕೊಡುವುದು ಬಿಡುವುದು ನಿಮ್ಮ ಮನೆಯ ವಿಚಾರ, ನಾನು ಅದಕ್ಕೆ ಬರುವುದಿಲ್ಲ. ಒಂದೇ ಮಾತು ಗಟ್ಟಿಯಾಗಿ ಹೇಳ್ತೇನೆ: ಪೂರ್ತಿ ಹೊಲದ ಮೇಲೆ ಮಾರುವ ಅಧಿಕಾರ ಇರುವ ಜಿಪಿಎ ಮೊದಲ ದಿನವೇ ಕೊಡಬೇಡಿ.

ಯಾಕೆ ಅಂದ್ರೆ ನಮ್ಮ ಮನೆಯಲ್ಲಿ ಅದನ್ನೇ ಮಾಡಿ ಕೂತಿದ್ದೇವೆ. ನಮ್ಮ ದೊಡ್ಡಪ್ಪನ ಮಗನದು ನವಲೂರು ಕಡೆ ಪೇರಲ ತೋಟ ಇತ್ತು. ನವಲೂರು ಪೇರಲ ಅಂದ್ರೆ ಗೊತ್ತಲ್ಲ, ಧಾರವಾಡ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿಗಟ್ಟಲೆ ಮಾರುತ್ತಿದ್ದದ್ದು. ಜಿಪಿಎ ಬರೆದ ವಾರಕ್ಕೇ ಜೆಸಿಬಿ ಬಂತು, ಗಿಡ ಎಲ್ಲ ಬೇರು ಸಮೇತ ಮೇಲೆದ್ದವು. ಕಲ್ಲು ನೆಟ್ಟರು, ಕಮಾನು ಕಟ್ಟಿದರು, ಆಮೇಲೆ ಕೆಲಸ ನಿಂತಿತು. ಪಾಲಿದ್ದ ಸೋದರತ್ತಿಯ ಸಹಿ ತಗೊಂಡಿರಲಿಲ್ಲ, ಅವರ ಮಕ್ಕಳು ಕೋರ್ಟಿಗೆ ಹೋದರು. ಅಷ್ಟರಲ್ಲಿ ಡೆವಲಪರ್ ಅದೇ ಜಿಪಿಎ ತೋರಿಸಿ ಏಳೆಂಟು ಮಂದಿಯಿಂದ ಮುಂಗಡ ತಗೊಂಡಿದ್ದ. ಆ ಮಂದಿ ಅವನ ಮನೆಗೆ ಹೋಗಲಿಲ್ಲ, ನಮ್ಮ ಮನೆ ಬಾಗಿಲಿಗೆ ಬಂದು ಕೂತರು. ತೋಟ ಹೋಯಿತು, ಪ್ಲಾಟೂ ಕೈಗೆ ಬಂದಿಲ್ಲ. ಆ ದೊಡ್ಡಪ್ಪನ ಮಗ ಈಗ ಸಂತೆಯಲ್ಲಿ ಕೊಂಡು ಪೇರಲ ತಿನ್ನುತ್ತಾನೆ.

ಈಗ ಲೆಕ್ಕಕ್ಕೆ ಬರೋಣ. ಡೆವಲಪರ್ ನಿಮಗೆ ಹೇಳಿರುವ ಲೆಕ್ಕ ಹೀಗಿರುತ್ತದೆ: ಒಂದು ಎಕರೆ 43,560 ಚದರಡಿ, 30×40 ಪ್ಲಾಟ್ 1,200 ಚದರಡಿ, ಹಾಗಾಗಿ ಎಕರೆಗೆ 36 ಪ್ಲಾಟ್, ಮೂರು ಎಕರೆಗೆ 108, ನಿಮಗೆ 54. ಕೇಳಲು ಚೆನ್ನಾಗಿದೆ. ಆದರೆ ರಸ್ತೆಗೆ ಜಾಗ ಎಲ್ಲಿಂದ ಬರಬೇಕು? ಪಾರ್ಕು, ನಾಗರಿಕ ಸೌಲಭ್ಯದ ಜಾಗ ಎಲ್ಲಿಂದ? ಅದೆಲ್ಲ ಬಿಟ್ಟ ಮೇಲೆ ಮಾರಲು ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನೂರಕ್ಕೆ 55 ಅಂತ ಹಿಡಿದರೂ ಮೂರು ಎಕರೆಗೆ ಸುಮಾರು 60 ಪ್ಲಾಟ್, ನಿಮ್ಮ ಪಾಲಿಗೆ 30. ಹೊಲ ಸೊಟ್ಟಗಿದ್ದರೆ ಇನ್ನೂ ಎರಡು ಮೂರು ಕಡಿಮೆ. 54 ಮನಸ್ಸಿನಲ್ಲಿಟ್ಟುಕೊಂಡು ಮಗಳ ಮದುವೆ, ಮಗನ ಕಾಲೇಜು ಅಂತ ಹಂಚಿಟ್ಟುಬಿಟ್ಟರೆ ಆಮೇಲೆ 30 ಬಂದಾಗ ಮನೆಯಲ್ಲೇ ಜಗಳ ಶುರು ಆಗುತ್ತದೆ.

ಆ 12 ಗುಂಟೆ ಖರಾಬು ಯಾವುದು ಅಂತ ಮೊದಲು ನೋಡಿ. ಉತಾರದಲ್ಲಿ (ಪಹಣಿಯಲ್ಲಿ) ಅ ಖರಾಬು, ಬ ಖರಾಬು ಅಂತ ಬೇರೆ ಬೇರೆ ಬರೆದಿರುತ್ತದೆ. ಅ ಅಂದ್ರೆ ಸಾಗುವಳಿಗೆ ಬಾರದ ಜಾಗ. ಬ ಅಂದ್ರೆ ಹಳ್ಳ, ದಾರಿ ಅಂಥದ್ದು, ಸಾರ್ವಜನಿಕರದ್ದು. ಅದನ್ನು ಪ್ಲಾಟ್ ಮಾಡಲು ಬರುವುದಿಲ್ಲ, ಹಳ್ಳ ಹರಿಯುತ್ತಿದ್ದರೆ ದಂಡೆಗುಂಟ ಇನ್ನೂ ಸ್ವಲ್ಪ ಜಾಗ ಬಿಡಬೇಕಾಗುತ್ತದೆ. ಡೆವಲಪರ್ ಲೆಕ್ಕದಲ್ಲಿ ಈ 12 ಗುಂಟೆ ಸೇರಿಸಿದ್ದಾನೋ ಇಲ್ಲವೋ ನೇರವಾಗಿ ಕೇಳಿ. ಜೊತೆಗೇ ಹದ್ದುಬಸ್ತಿಗೆ, ಅಂದ್ರೆ ಹೊಲದ ಗಡಿ ಅಳತೆಗೆ, ಅರ್ಜಿ ಕೊಡಿ. ಬದು ಸರಿದಿರುವುದು ಬಿತ್ತುವಾಗ ಗೊತ್ತಾಗುವುದಿಲ್ಲ, ಪ್ಲಾಟ್ ಕಲ್ಲು ನೆಡುವಾಗ ಪಕ್ಕದ ಹೊಲದವರು ಬಂದು ನಿಲ್ಲುತ್ತಾರೆ.

ಇನ್ನು ಡೆವಲಪರ್ ಕೊಟ್ಟ ಆ ಬಣ್ಣದ ಜಾಹೀರಾತು ಕಾಗದ. ನೀವು ಹಾಕಿದ ಫೋಟೋದಲ್ಲಿ ಐಐಟಿ, ಬಿಆರ್‌ಟಿಎಸ್, ಆರು ಪಥದ ಬೈಪಾಸ್, ವಿಮಾನ ನಿಲ್ದಾಣ ಎಲ್ಲ ಒಂದೇ ಪುಟದಲ್ಲಿದೆ, ನೋಡಿದರೆ ಎಲ್ಲವೂ ನಿಮ್ಮ ಹೊಲದ ಬದುವಿಗೇ ಬಂದು ನಿಂತಂಗಿದೆ! ಇವು ಸುಳ್ಳಲ್ಲ. ಬಿಆರ್‌ಟಿಎಸ್‌ನ, ಅಂದ್ರೆ ಪ್ರತ್ಯೇಕ ಪಥದ, ಚಿಗರಿ ಬಸ್ಸು 2018ರಿಂದ ಓಡುತ್ತಿದೆ, ಐಐಟಿ ಚಿಕ್ಕಮಲ್ಲಿಗವಾಡದ ಹೊಸ ಕ್ಯಾಂಪಸ್ 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು, ಗಬ್ಬೂರಿನಿಂದ ನರೇಂದ್ರವರೆಗಿನ ಬೈಪಾಸ್ ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ, ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಹೊಸ ಟರ್ಮಿನಲ್ಲಿಗೆ 2024ರಲ್ಲಿ ಅಡಿಗಲ್ಲು ಬಿದ್ದಿದೆ, ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಗೆ 2025ರ ಜನವರಿಯಲ್ಲಿ ಸಂಪುಟ ಒಪ್ಪಿದೆ. ಧಾರವಾಡದಿಂದ ಕಿತ್ತೂರು ಮೇಲೆ ಬೆಳಗಾವಿಗೆ ನೇರ ರೈಲು ಮಾರ್ಗದ ಯೋಜನೆ ಬೇರೆ ಇದೆ. ಆದರೆ ನಕ್ಷೆ ಹಿಡಿದು ನೋಡಿ, ಇದರಲ್ಲಿ ಜಾಸ್ತಿ ಪಾಲು ಧಾರವಾಡ ಕಡೆ, ಇಲ್ಲಾ ಎರಡು ಊರಿನ ನಡುವೆ. ನಿಮ್ಮದು ಹುಬ್ಬಳ್ಳಿಯ ಆಚೆ ದಿಕ್ಕು. ಐಐಟಿ ಪ್ರೊಫೆಸರು ಕುಂದಗೋಳ ರಸ್ತೆಗೆ ಬಂದು ಮನೆ ಕಟ್ಟುತ್ತಾರೆ ಅಂತ ಯಾರೋ ನಂಬಿಸಿದರೆ ನಂಬಬೇಡಿ. ನಿಮ್ಮ ಪ್ಲಾಟ್ ಕೊಳ್ಳುವವರು ಹುಬ್ಬಳ್ಳಿಯ ಅಂಗಡಿಕಾರರು, ರೈಲ್ವೆಯವರು, ಸುತ್ತಲಿನ ಹಳ್ಳಿಯವರು. ಅವರು ಕೇಳುವುದು ನೀರು ಬರ್ತದಾ, ಬಸ್ ಬರ್ತದಾ, ಬ್ಯಾಂಕ್ ಸಾಲ ಸಿಗ್ತದಾ ಅಂತ. ಹುಬ್ಬಳ್ಳಿಯ ಒಳಗಿನ ಎಷ್ಟೋ ಬಡಾವಣೆಗಳಿಗೇ ದಿನಾ ನೀರಿಲ್ಲ, ಎರಿ ನೆಲದ ಬೋರಿನಲ್ಲಿ ಸವಳು ನೀರು ಬರುವುದೇ ಜಾಸ್ತಿ.

ಹಾಗಾಗಿ ಆ ಕಾಗದ ಬದಿಗಿಟ್ಟು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆ ನೋಡಿ. ನವನಗರದ ಹುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಸರ್ವೆ ನಂಬರ್ ತಗೊಂಡು ಹೋಗಿ, ನಮ್ಮ ಹೊಲ ಯಾವ ವಲಯದಲ್ಲಿದೆ ಅಂತ ಕೇಳಿ, ಬರಹದಲ್ಲೇ ತಗೊಳ್ಳಿ. ಹಳದಿ ಬಣ್ಣ ಇದ್ದರೆ ವಸತಿ, ಹಸಿರಿದ್ದರೆ ಕೃಷಿ. ಹಸಿರಿನಲ್ಲಿದ್ದರೆ ಎರಡು ವರ್ಷದಲ್ಲಿ ಲೇಔಟ್ ಮುಗಿಸ್ತೇವೆ ಅಂತ ಡೆವಲಪರ್ ಹೇಳುವ ಮಾತು ಮರೆತುಬಿಡಿ. ನಕ್ಷೆಯಲ್ಲಿ ಹೊಲದ ಮಧ್ಯೆ ಮುಂದೆ ಬರುವ ರಸ್ತೆಯ ಗೆರೆ ಹಾದು ಹೋಗಿದೆಯಾ ಅದನ್ನೂ ನೋಡಿ. ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ), ಹೆದ್ದಾರಿ, ರೈಲ್ವೆ ಭೂಸ್ವಾಧೀನದಲ್ಲಿ ನಿಮ್ಮ ಸರ್ವೆ ನಂಬರ್ ಬಂದಿದೆಯಾ ಅಂತಲೂ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಮನೆ ಕಾಗದದ ವಿಷಯ. ಹೊಲ ಅಪ್ಪನ ಕಾಲದ್ದಾದರೆ ವಾಟ್ನಿ (ಪಾಲು ವಿಭಾಗ) ಆಗಿದೆಯಾ, ವಾರಸಾ (ವಾರಸುದಾರರ ದಾಖಲೆ) ಯಾರ ಹೆಸರಿಗೆ ಬಿದ್ದಿದೆ? ಅಕ್ಕ-ತಂಗಿಯರಿಗೂ ಸಮಪಾಲು ಇದೆ. ಮದುವೆಯಲ್ಲಿ ಬಂಗಾರ ಹಾಕಿ ಕಳಿಸಿದ್ದೇವೆ ಅನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಅವರು ಬಿಟ್ಟುಕೊಡುವುದಾದರೆ ಹಕ್ಕು ಬಿಟ್ಟ ಪತ್ರ ನೋಂದಣಿ ಆಗಬೇಕು, ಇಲ್ಲಾ ಕರಾರಿಗೆ ಅವರೂ ಸಹಿ ಹಾಕಬೇಕು. ಕೇಳಲು ನಾಚಿಕೆ ಆಗುತ್ತದೆ ಅಂತ ಬಿಟ್ಟರೆ ನಮ್ಮ ಅತ್ತಿಯ ಕಥೆಯೇ. ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಇದೆ. ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ ಬಹಳ ವರ್ಷ ಆದಮೇಲೂ ಜಮೀನು ಮಂಜೂರಾದವರ ಮನೆಗೆ ತಿರುಗಿ ಹೋಗಬಹುದು.

ಎಲ್ಲ ಸರಿ ಇದ್ದು ಕೊಡುವುದೇ ಅಂತಾದರೆ ಕರಾರು ನಿಮ್ಮ ವಕೀಲರಿಂದ ಬರೆಸಿ, ಅವನ ವಕೀಲರಿಂದ ಬೇಡ. ಜಂಟಿ ಅಭಿವೃದ್ಧಿ ಕರಾರು ನೋಂದಣಿ ಆಗಲೇಬೇಕು, ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿದ್ದು ಸಾಲದು. ಜಿಪಿಎ ಕೊಡುವುದಾದರೆ ಎನ್‌ಎ (ಹೊಲವನ್ನು ಕೃಷಿಯೇತರ ಮಾಡಿಸುವುದು), ನಕ್ಷೆ ಮಂಜೂರಾತಿ, ಕರೆಂಟ್, ಇಂಥ ಕಚೇರಿ ಕೆಲಸಕ್ಕೆ ಮಾತ್ರ. ಮಾರುವ ಅಧಿಕಾರ ಅವನ ಪಾಲಿನ ಪ್ಲಾಟ್‌ಗಳಿಗೆ ಮಾತ್ರ, ಅದೂ ಪ್ರಾಧಿಕಾರ ಬಿಡುಗಡೆ ಮಾಡಿದ ಮೇಲೆ. ಪ್ರಾಧಿಕಾರದವರು ಎಲ್ಲ ಪ್ಲಾಟ್ ಒಂದೇ ಸಲ ಬಿಡುವುದಿಲ್ಲ, ರಸ್ತೆ, ಗಟಾರು, ನೀರು, ಕರೆಂಟ್ ಕೆಲಸ ನೋಡಿಕೊಂಡು ಹಂತ ಹಂತವಾಗಿ ಬಿಡುತ್ತಾರೆ. ಪ್ರತಿ ಹಂತದಲ್ಲೂ ಅರ್ಧ ನಿಮ್ಮದು ಅಂತ ಬರೆಸಿ. ಇಲ್ಲದಿದ್ದರೆ ಮೊದಲ ಹಂತ ಪೂರ್ತಿ ಅವನು ಮಾರಿಕೊಂಡು, ಉಳಿದದ್ದು ನಿಮ್ಮದು ಅಂತ ಕೈ ತೋರಿಸಿ ಹೋಗುತ್ತಾನೆ, ಉಳಿದದ್ದು ಬಿಡುಗಡೆಯೇ ಆಗಿರುವುದಿಲ್ಲ. ಇನ್ನೊಂದು, ನೂರಕ್ಕೆ ಇಷ್ಟು ಅಂತ ಬಿಡಬೇಡಿ. ನಕ್ಷೆ ಮಂಜೂರಾದ ತಕ್ಷಣ ಪ್ಲಾಟ್ ನಂಬರ್ ಹಾಕಿ ಹಂಚಿಕೆ ಪತ್ರ ಮಾಡಿಕೊಳ್ಳಿ, ಮೂಲೆ ಪ್ಲಾಟ್‌ಗಳಲ್ಲೂ ಅರ್ಧ. ಹೊಲ ಒತ್ತೆ ಇಟ್ಟು ಬ್ಯಾಂಕ್ ಸಾಲ ಎತ್ತುವಂತಿಲ್ಲ ಅಂತ ಒಂದು ಸಾಲು ಇರಲೇಬೇಕು.

ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅದರ ಬಗ್ಗೆಯೂ ಕೇಳಿದ್ದೀರಿ. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್‌ಗೆ ನೋಂದಣಿ ಬೇಕು, ಅಂದ್ರೆ ಸುಮಾರು 5 ಗುಂಟೆ, ಹಾಗಾಗಿ ನಿಮ್ಮದಕ್ಕೆ ಬೇಕೇ ಬೇಕು. ನೋಂದಣಿ ನಂಬರ್ ಬರುವ ತನಕ ಒಂದು ಪ್ಲಾಟೂ ಮಾರುವಂತಿಲ್ಲ, ಜಾಹೀರಾತೂ ಹಾಕುವಂತಿಲ್ಲ. ಮಂದಿಗೆ ಗೊತ್ತಿಲ್ಲದ ಮಾತು ಅಂದ್ರೆ, ಪಾಲು ತಗೊಂಡು ಮಾರುವ ಜಮೀನು ಮಾಲೀಕರನ್ನೂ ಪ್ರವರ್ತಕರು ಅಂತಲೇ ಹಿಡಿಯುತ್ತಾರೆ. ಅವನು ಕೆಲಸ ಬಿಟ್ಟು ಓಡಿದರೆ ಕೊಂಡವರಿಗೆ ನೀವೂ ಉತ್ತರ ಹೇಳಬೇಕು.

ತೆರಿಗೆ ಮಾತು ಬೇಗ ಮುಗಿಸ್ತೇನೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 10 ಲಕ್ಷದ ಒಳಗೇ ಇತ್ತು, ಹಾಗಾಗಿ ಪಾಲಿಕೆ ಗಡಿಯಿಂದ ನೇರ ಗೆರೆಯಲ್ಲಿ 6 ಕಿಲೋಮೀಟರ್ ಒಳಗಿನ ಹೊಲಕ್ಕೆ ಮಾರಾಟದ ಲಾಭದ ಮೇಲೆ ತೆರಿಗೆ ಬರುತ್ತದೆ. ಅದರಾಚೆ ಇದ್ದು ಹೊಲ ಹೊಲವಾಗಿಯೇ ಮಾರಿದರೆ ಇಲ್ಲ. ಎನ್‌ಎ ಮಾಡಿಸಿ ಪ್ಲಾಟ್ ಮಾಡಿದಿರೋ, ಆ ವಿನಾಯಿತಿ ಹೋಯಿತು. ಸಹಿಗೆ ಮುಂಚೆ ಒಬ್ಬ ಸಿಎ ಹತ್ತಿರ ಒಂದು ಗಂಟೆ ಕೂತು ಬನ್ನಿ.

ಇಲ್ಲಿ ಕೆಲವರು ಇದ್ಯಾವುದೂ ಬೇಡ, ಗುಂಟೆ ಲೆಕ್ಕದಲ್ಲಿ ಬಾಂಡ್ ಮೇಲೆ ಮಾರಿಬಿಡಿ ಅಂದಿದ್ದಾರೆ. ದಯವಿಟ್ಟು ಬೇಡ. ಕೊಂಡವರಿಗೆ ಇ-ಸ್ವತ್ತು (ಪಂಚಾಯಿತಿಯ ಆಸ್ತಿ ದಾಖಲೆ) ಸಿಗುವುದಿಲ್ಲ, ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ, ಸಾಲವೂ ಇಲ್ಲ. ಕೂಡಿಟ್ಟ ದುಡ್ಡು ಕೊಟ್ಟ ಹಮಾಲಿ ಮಾಡುವವರು, ಡ್ರೈವರ್‌ಗಳು ನಿಮ್ಮನ್ನೇ ಬೈಯುತ್ತಾ ಓಡಾಡುತ್ತಾರೆ.

ಎರಿ ನೆಲ ಅನ್ನುವುದನ್ನೂ ಕರಾರಿನಲ್ಲಿ ಮರೆಯಬೇಡಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಇದು, ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮೇಲೆ ಸುಮ್ನೆ ಖಡಿ ಹರಡಿ ಡಾಂಬರು ಬಳಿದರೆ ಒಂದೇ ಮಳೆಗಾಲಕ್ಕೆ ರಸ್ತೆ ಕುಸಿಯುತ್ತದೆ, ಗಟಾರು ಸೀಳುತ್ತದೆ, ಪ್ರಾಧಿಕಾರದವರು ಮುಂದಿನ ಹಂತ ಬಿಡುವುದಿಲ್ಲ. ಎರಿ ತೆಗೆದು ಗರಸು ತುಂಬಿ ರೋಲರ್ ಹೊಡೆಯಬೇಕು, ಎಷ್ಟು ಅಡಿ ಅನ್ನುವುದನ್ನು ಎಂಜಿನಿಯರಿಂದ ಬರೆಸಿ ಕರಾರಿಗೆ ಜೋಡಿಸಿ.

ದೀಪಾವಳಿ ಗಡುವಿಗೆ ಹೆದರಬೇಡಿ. ನಿಜವಾಗಿ ಮಾಡುವವನಾದರೆ ಸಂಕ್ರಾಂತಿಗೂ ಬರುತ್ತಾನೆ. ಇದರ ನಡುವೆ ಹೊಲ ಬೀಳು ಬಿಡಬೇಡಿ. ಎನ್‌ಎ ಆಗುವ ತನಕ ಅದು ಹೊಲವೇ, ಬೆಳೆ ಸಮೀಕ್ಷೆಯಲ್ಲಿ ಬೆಳೆ ಕಾಣಬೇಕು, ಬೆಳೆ ವಿಮೆಯೂ ಇದೆ. ಹಸಿ ಇನ್ನೂ ಇದೆ ಅಂತ ನೀವೇ ಬರೆದಿದ್ದೀರಲ್ಲ, ಈ ವಾರ ಕಡ್ಲಿ ಬಿತ್ತಿಬಿಡಿ. ಕರಾರಿನ ಕರಡು ಕೈಗೆ ಬಂದರೆ ಹೆಸರು, ಸರ್ವೆ ನಂಬರ್ ಮುಚ್ಚಿ ಇಲ್ಲೇ ಫೋಟೋ ಹಾಕಿ, ಒಂದೊಂದೇ ಸಾಲು ಓದಿ ಹೇಳ್ತೇನೆ.